ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್: ದೋಷ ಇರುವುದೆಲ್ಲಿ?

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ನಿಗದಿತ ಪಟ್ಟಿಯಲ್ಲಿರುವ ಪ್ರೊಸೆಸರ್ರೂ ಇರಬೇಕು. ಹೀಗಾಗಿ ಸುಸ್ಥಿತಿಯಲ್ಲಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಮೂಲೆ ಸೇರುತ್ತಿವೆ. ಇವುಗಳ ಆಯುಸ್ಸನ್ನು ಹೆಚ್ಚಿಸಬಲ್ಲದ್ದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಇದನ್ನು ಆರಂಭಿಸಿದರು. ಆದರೆ ‘ಹಾಕಿ ನೋಡಿದೆ, ವೈ-ಫೈ ಬರಲಿಲ್ಲ, ಬಿಟ್ಟೆ’ ಎನ್ನುವವರೇ ಹೆಚ್ಚು. ವೈ-ಫೈ ಬಾರದ ಮಾತ್ರಕ್ಕೆ ಯಂತ್ರ ಕೆಟ್ಟಿದೆ ಎನ್ನಲಾಗದು. ಒಮ್ಮೆಗೆ ಒಂದನ್ನೇ ಬದಲಿಸಿ ಪರಿಣಾಮ ಗಮನಿಸುವ ಪ್ರಯೋಗಾಲಯದ ಕ್ರಮವನ್ನು ಇಲ್ಲಿಯೂ ಅನುಸರಿಸಿದರೆ ದೋಷದ ಜಾಗ ಸಿಗುತ್ತದೆ.

ಮೊದಲು ಪರೀಕ್ಷೆ, ಅನಂತರ ಸ್ಥಾಪನೆ

8 ಜಿಬಿಯ ಒಂದು ಖಾಲಿ ಪೆನ್‌ಡ್ರೈವ್ ತೆಗೆದುಕೊಳ್ಳಿ. ಲಿನಕ್ಸ್ ಮಿಂಟ್‌ನಂಥ ಆವೃತ್ತಿಯ ಐಎಸ್‌ಒ ಕಡತವನ್ನು ಇಳಿಸಿಕೊಂಡು ರೂಫಸ್ ಎಂಬ ತಂತ್ರಾಂಶದಿಂದ ಅದಕ್ಕೆ ಬರೆಯಿರಿ. ಬರಿದೆ ನಕಲು ಮಾಡಿದರೆ ಸಾಲದು. ಲ್ಯಾಪ್‌ಟಾಪ್ ಚಾಲೂ ಆಗುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ (ತಯಾರಕರನ್ನು ಅವಲಂಬಿಸಿ) ಒತ್ತಿ ಪೆನ್‌ಡ್ರೈವನ್ನು ಆಯ್ಕೆಮಾಡಿ. ಲಿನಕ್ಸ್ ರ‍್ಯಾಮ್‌ನಲ್ಲೇ ಓಡುತ್ತದೆ. ಸ್ಥಾಪನೆಯ ಆಯ್ಕೆಯನ್ನು ನೀವು ಒತ್ತುವವರೆಗೆ ಹಾರ್ಡ್‌ಡಿಸ್ಕಿನ ಮಾಹಿತಿ ಹಾಗೆಯೇ ಇರುತ್ತದೆ. ಈಗ ವೈ-ಫೈ, ಧ್ವನಿ, ಕ್ಯಾಮೆರಾ, ಟಚ್‌ಪ್ಯಾಡ್, ಪರದೆಯ ಪ್ರಕಾಶ, ಮುಚ್ಚಳ ಮುಚ್ಚಿ ತೆರೆದಾಗ ಎಚ್ಚರಗೊಳ್ಳುವುದು – ಇವನ್ನು ಒಂದೊಂದಾಗಿ ಪರೀಕ್ಷಿಸಿ ಬರೆದಿಟ್ಟುಕೊಳ್ಳಿ.

ಮೂರು ಸಾಧ್ಯತೆಗಳು

ಪ್ರತಿಯೊಂದು ಯಂತ್ರಾಂಶಕ್ಕೂ ಕರ್ನಲ್‌ಗೂ ನಡುವೆ ದುಭಾಷಿಯಂತೆ ಕೆಲಸಮಾಡುವ ತಂತ್ರಾಂಶವೇ ಡ್ರೈವರ್. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್‌ನ ಜೊತೆಯಲ್ಲೇ ಬರುತ್ತವೆ. ಅನೇಕ ವೈ-ಫೈ ಚಿಪ್‌ಗಳಿಗೆ ಇದರ ಜೊತೆಗೆ ಫರ್ಮ್‌ವೇರ್ ಕಡತವೂ ಬೇಕು. ಅದನ್ನು ಪ್ರತಿಸಲ ಚಿಪ್ಪಿಗೆ ತುಂಬಿದ ಮೇಲೆಯೇ ಅದು ಕೆಲಸ ಮಾಡುವುದು. ಇಂಥ ಕಡತಗಳು ಮುಕ್ತ ತಂತ್ರಾಂಶವಲ್ಲದ್ದರಿಂದ ಡೆಬಿಯನ್ ಅವನ್ನು ಬಹಳ ಕಾಲ ಹೊರಗಿಟ್ಟಿತ್ತು. 2023ರ ಡೆಬಿಯನ್ 12ರಿಂದ ಅಧಿಕೃತ ಸ್ಥಾಪಕದಲ್ಲೇ ಸೇರಿಸಿದೆ.

ವೈ-ಫೈ ಬಾರದಿದ್ದರೆ ಟರ್ಮಿನಲ್ ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದು ಸಣ್ಣ ಇಂಗ್ಲಿಷ್ ಅಕ್ಷರಗಳನ್ನೂ ಒಂದು ಜಾಗ ಬಿಟ್ಟು ‘-ಕೆ’ ಎಂಬುದನ್ನೂ ಟೈಪ್ ಮಾಡಿ. ಸಾಧನಗಳ ಪಟ್ಟಿ ಬರುತ್ತದೆ.

1. ಚಿಪ್ಪಿನ ಹೆಸರಿದ್ದು ಡ್ರೈವರ್ ಬಳಕೆಯ ಸಾಲು ಇಲ್ಲದಿದ್ದರೆ ಡ್ರೈವರ್ ಕೊರತೆ.
2. ಡ್ರೈವರ್ ಇದ್ದೂ ಕೆಲಸ ಮಾಡದಿದ್ದರೆ ಬಹುಶಃ ಫರ್ಮ್‌ವೇರ್ ಕೊರತೆ. ‘ಸುಡೊ’ ಜೊತೆ ಡಿ, ಎಂ, ಇ, ಎಸ್, ಜಿ ಎಂಬ ಆದೇಶ ಕೊಟ್ಟರೆ ಕರ್ನಲ್‌ನ ಸಂದೇಶಗಳಲ್ಲಿ ಬೇಕಾದ ಕಡತದ ಹೆಸರೇ ಸಿಗುವುದುಂಟು.
3. ಚಿಪ್ಪಿನ ಹೆಸರೇ ಇಲ್ಲದಿದ್ದರೆ ಅದು ಬಯೋಸ್‌ನಲ್ಲಿ ನಿಷ್ಕ್ರಿಯವಾಗಿರಬಹುದು, ಇಲ್ಲವೇ ನಿಜವಾಗಿ ಕೆಟ್ಟಿರಬಹುದು.

ಮೊದಲೆರಡಕ್ಕೆ ಇಂಟರ್‌ನೆಟ್ ಬೇಕು, ಆದರೆ ವೈ-ಫೈಯೇ ಇಲ್ಲವಲ್ಲ! ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆರಿಸಿ. ಇದಕ್ಕೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇದೆ. ಅನಂತರ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದು ನೋಡಿ.

ಐದೂವರೆ ಗಂಟೆಯ ಕಥೆ

ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರ ವಿಂಡೋಸ್ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಕ್ಕೆ ಹೋಗುವುದುಂಟು. ಮದರ್‌ಬೋರ್ಡಿನ ಬ್ಯಾಟರಿ ಮುಗಿಯಿತೆಂದು ಅಂಗಡಿಗೆ ಓಡಬೇಡಿ. ಯಂತ್ರದ ಗಡಿಯಾರವನ್ನು ಲಿನಕ್ಸ್ ವಿಶ್ವ ಸಮನ್ವಿತ ಕಾಲಕ್ಕೆ ಹೊಂದಿಸುತ್ತದೆ. ವಿಂಡೋಸ್ ಅದನ್ನೇ ಸ್ಥಳೀಯ ಕಾಲವೆಂದು ಓದುತ್ತದೆ. ಭಾರತೀಯ ಕಾಲದ ವ್ಯತ್ಯಾಸವೇ ಐದೂವರೆ ಗಂಟೆ. ಸ್ಥಳೀಯ ಕಾಲವನ್ನೇ ಬಳಸುವಂತೆ ಲಿನಕ್ಸ್‌ಗೆ ತಿಳಿಸಿದರೆ ಸರಿಹೋಗುತ್ತದೆ. ಬದಲಿಗೆ ಪ್ರತಿಸಲ ಆರಿಸಿದಾಗಲೂ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತಿದ್ದರೆ, ಆಗ ಬ್ಯಾಟರಿಯನ್ನು ಶಂಕಿಸಿ.

ಇದೇ ತರ್ಕ ಎಲ್ಲೆಡೆಗೂ ಸಲ್ಲುತ್ತದೆ. ಎರಡೂ ವ್ಯವಸ್ಥೆಗಳಲ್ಲಿ ಕೆಲಸ ಮಾಡದ್ದು ಯಂತ್ರಾಂಶದ ದೋಷವಿರಬಹುದು. ಒಂದರಲ್ಲಿ ಮಾತ್ರ ಮಾಡದ್ದು ಬಹುಮಟ್ಟಿಗೆ ತಂತ್ರಾಂಶದ್ದು.

ಸ್ಥಾಪನೆಗೆ ಮುನ್ನ ಎರಡು ಎಚ್ಚರಿಕೆ. ಟಿಪ್ಪಣಿ, ಪ್ರಾಜೆಕ್ಟ್, ಫೋಟೊಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ಬಿಟ್‌ಲಾಕರ್ ಇದ್ದರೆ ಅದರ ಮರುಪಡೆಯುವ ಕೀಲಿಯನ್ನು ಬರೆದಿಟ್ಟುಕೊಳ್ಳಿ. ಬಯೋಸ್ ಬದಲಾವಣೆಯ ನಂತರ ವಿಂಡೋಸ್ ಅದನ್ನು ಕೇಳಬಹುದು. ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವ ನಿಮ್ಮ ಮಾಹಿತಿ ನಿಮಗೇ ಸಿಗದು.