ಲಾಭದ ಮಾರ್ಪಾಟು: ಅಣುಜೀವಿಗಳ ಜಮಾಖರ್ಚು

ಜೀವಿಯೊಂದರಲ್ಲಿ ಅಕಸ್ಮಾತ್ತಾಗಿ ತಲೆದೋರಿದ ಒಳ್ಳೆಯ ಮಾರ್ಪಾಟು ಅದರ ಕುಲಕ್ಕೆ ಎಷ್ಟು ಲಾಭ ತಂದೀತು? ಈ ಪ್ರಶ್ನೆಯನ್ನು ಗಣಿತಕ್ಕೆ ಇಳಿಸಿದವರಲ್ಲಿ ಜೆ. ಬಿ. ಎಸ್. ಹಾಲ್ಡೇನರು ಅಗ್ರಗಣ್ಯರು. ಆಂಗ್ಲರಾದ ಇವರು 1957ರಲ್ಲಿ ಕಲಕತ್ತೆಗೆ ಬಂದು, ಭಾರತದ ಪೌರರೂ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ಕಾಲವಾದರು. ಊರು ಬಿಟ್ಟು ಬಂದ ನಮ್ಮಂಥವರಿಗೆ ಅವರಲ್ಲಿ ಕೊಂಚ ಅಭಿಮಾನ ಹೆಚ್ಚಿದರೆ ತಪ್ಪಲ್ಲ.

1927ರಲ್ಲಿ ಅವರು ಕೊಟ್ಟ ಸೂತ್ರ ಸರಳವಾದುದು. ಮಾರ್ಪಾಟಿನಿಂದ ಸಂತಾನವೃದ್ಧಿಯಲ್ಲಿ ಶೇಕಡಾ 1ರಷ್ಟು ಲಾಭವಿದ್ದರೆ, ಅದು ಕುಲದಲ್ಲಿ ಶಾಶ್ವತವಾಗಿ ನೆಲೆಯೂರುವ ಸಂಭವ ಸುಮಾರು ಅದರ ಇಮ್ಮಡಿ, ಅಂದರೆ ಶೇಕಡಾ 2 ಮಾತ್ರ. ಮಿಕ್ಕ 98 ಬಾರಿ ಗುಣವಿದ್ದೂ ಅದೃಷ್ಟವಿಲ್ಲದೆ ಅಳಿದುಹೋಗುತ್ತದೆ. ಉಳಿದುಕೊಂಡಿತೋ, ಆಮೇಲೆ ಚಕ್ರಬಡ್ಡಿಯೇ ಸರಿ: ಲಕ್ಷಕ್ಕೆ ಒಂದಿದ್ದುದು ಸುಮಾರು 1,150 ಪೀಳಿಗೆಗಳಲ್ಲಿ ಅರ್ಧಕ್ಕರ್ಧವಾಗುತ್ತದೆ. ಗುಮಾಸ್ತ ಬಂಧುಗಳು ಬೇಕಾದರೆ ಲೆಕ್ಕ ಹಾಕಿ ತಾಳೆ ನೋಡಬಹುದು.

ಈ ಏರಿಕೆಗೆ ಕೊನೆಯುಂಟೇ? 1988ರ ಫೆಬ್ರವರಿಯಲ್ಲಿ ಅಮೆರಿಕದ ರಿಚರ್ಡ್ ಲೆನ್ಸ್ಕಿಯವರು ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು 12 ಸೀಸೆಗಳಲ್ಲಿ ಬೆಳೆಸತೊಡಗಿದರು. ಪ್ರತಿದಿನ ನೂರರಲ್ಲೊಂದು ಪಾಲು ಹೊಸ ಆಹಾರಕ್ಕೆ ವರ್ಗ. ದಿನವೊಂದಕ್ಕೆ ಆರೂವರೆಗೂ ಮೇಲ್ಪಟ್ಟು ಪೀಳಿಗೆಗಳು. 500 ಪೀಳಿಗೆಗೊಮ್ಮೆ ಕೆಲವನ್ನು ಹೆಪ್ಪುಗಟ್ಟಿಸಿ ಇಟ್ಟಿರುವುದರಿಂದ ಮೊಮ್ಮಕ್ಕಳನ್ನು ಅಜ್ಜಂದಿರೊಡನೆಯೇ ಪಂದ್ಯಕ್ಕೆ ಬಿಡಬಹುದು! ಮೊದಮೊದಲು ಏರಿಕೆ ರಭಸವಾಗಿತ್ತು, ಬರಬರುತ್ತ ನಿಧಾನವಾಯಿತು. ಹೊಸ ಹೋಟೆಲಿನಲ್ಲಿ ಕಾಫಿ ಸುಧಾರಿಸಿದರೆ ಅಂದೇ ಗಲ್ಲಾಪೆಟ್ಟಿಗೆಗೆ ತಿಳಿಯುತ್ತದೆ. ಹತ್ತನೆಯ ಸುಧಾರಣೆಯ ಫಲವನ್ನು ಹುಡುಕಬೇಕಾಗುತ್ತದೆ. ಆದರೂ ಏರಿಕೆ ನಿಲ್ಲಲಿಲ್ಲ. 2013ರಲ್ಲಿ ಪ್ರಕಟವಾದಂತೆ, ಮೊದಲ 20,000 ಪೀಳಿಗೆಗಳ ಅಂಕಿಗಳಿಂದ ಕಟ್ಟಿದ ಸೂತ್ರವು 50,000ದವರೆಗಿನ ಏರಿಕೆಯನ್ನು ಸರಿಯಾಗಿ ಹೇಳಿತು. ಆ ಸೂತ್ರದಲ್ಲಿ ಮೇಲ್ಮಿತಿಯೆಂಬುದೇ ಇಲ್ಲ. 2022ರಲ್ಲಿ ಪ್ರಯೋಗವು ಟೆಕ್ಸಾಸಿಗೆ ಸ್ಥಳಾಂತರಗೊಂಡಿತು.

ಕ್ರಿಮಿಯ ಲಾಭವು ಮನುಷ್ಯನ ನಷ್ಟವಾಗುವುದೂ ಉಂಟು. ಕ್ಷಯದ ಔಷಧಿಯನ್ನು ತಾಳಿಕೊಳ್ಳುವ ಮಾರ್ಪಾಟು ಕ್ರಿಮಿಯ ಪಾಲಿಗೆ ಒಳ್ಳೆಯದೇ. ಕೋಟ್ಯಂತರ ಕ್ರಿಮಿಗಳಲ್ಲಿ ಒಂದು ಒಂದು ಔಷಧಿಗೆ ಜಗ್ಗದಿರಬಹುದು. ಎರಡಕ್ಕೂ ಒಮ್ಮೆಗೇ ಜಗ್ಗದಿರುವ ಸಂಭವ ಆ ಎರಡು ಸಂಭವಗಳ ಗುಣಲಬ್ಧ, ಇಲ್ಲವೆಂಬಷ್ಟು ಕಿರಿದು. ವೈದ್ಯರು ಹಲವು ಗುಳಿಗೆಗಳನ್ನು ಒಟ್ಟಿಗೆ ತಿಂಗಳುಗಟ್ಟಲೆ ಕೊಡುವುದರ ಗುಟ್ಟು ಇದೇ. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುವ ನಮ್ಮ ಹೋಟೆಲ್ ಕಾರ್ಮಿಕರಲ್ಲಿ ಕೆಮ್ಮು ನಿಂತೊಡನೆ ಗುಳಿಗೆ ಬಿಡುವವರಿದ್ದಾರೆ. ಹಾಗೆ ಬಿಟ್ಟಾಗ ಉಳಿದುಕೊಳ್ಳುವವು ಹೆಚ್ಚಾಗಿ ಗಟ್ಟಿಗ ಕ್ರಿಮಿಗಳೇ. ಪಕ್ಕದ ಚಾಪೆಯವನಿಗೆ ತಗಲುವವೂ ಅವೇ.