ದೋಣಿಯ ತಳಕ್ಕೆ ತಾಮ್ರವೇ ಬೇಕೆ?



ನಾವು ನೆಲೆಸಿರುವ ಬರ್ಮಿಂಗ್‌ಹ್ಯಾಮ್ ಸಮುದ್ರದಿಂದ ದೂರದ ನಗರ. ಆದರೂ ನೌಕಾಚರಿತ್ರೆಯಲ್ಲಿ ಅದಕ್ಕೊಂದು ಸ್ಥಾನವಿದೆ. ಇಲ್ಲಿಯ ಉದ್ಯಮಿ ಜಾರ್ಜ್ ಫ್ರೆಡೆರಿಕ್ ಮಂಟ್ಸ್ 1832ರಲ್ಲಿ ಸುಮಾರು ಶೇಕಡಾ 60 ತಾಮ್ರ, 40 ಸತುವು ಬೆರೆತ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದರು. ಶುದ್ಧ ತಾಮ್ರಕ್ಕಿಂತ ಅಗ್ಗವಾದ ಈ ತಗಡನ್ನು ಹಡಗುಗಳ ತಳಕ್ಕೆ ಹೊದಿಸತೊಡಗಿದರು. 1869ರಲ್ಲಿ ನೀರಿಗಿಳಿದ ಪ್ರಸಿದ್ಧ ಕಟಿ ಸಾರ್ಕ್ ಹಡಗಿಗೂ ಇದೇ ಹೊದಿಕೆ.

ತಗಡಿನ ತಾಮ್ರವು ನೀರಿನಲ್ಲಿ ಮೆಲ್ಲನೆ ಕರಗುತ್ತಿತ್ತು. ಆ ವಿಷದಿಂದಾಗಿ ಪಾಚಿಯೂ ಚಿಪ್ಪುಜೀವಿಗಳೂ ತಳಕ್ಕೆ ಅಂಟಿ ಬೆಳೆಯುತ್ತಿರಲಿಲ್ಲ. ಕಬ್ಬಿಣದ ಹಡಗುಗಳು ಬಂದಾಗ ಈ ಉಪಾಯ ನಡೆಯಲಿಲ್ಲ. ಉಪ್ಪುನೀರಿನಲ್ಲಿ ತಾಮ್ರದ ಸಂಪರ್ಕವು ಕಬ್ಬಿಣವನ್ನೇ ಸವೆಸುತ್ತದೆ. ಆದುದರಿಂದ ತಾಮ್ರದ ಸಂಯುಕ್ತಗಳನ್ನು ಬಣ್ಣದಲ್ಲಿ ಬೆರೆಸಿದರು. ಆ ಬಗೆಯ ಬಣ್ಣ ಇಂದಿಗೂ ಬಳಕೆಯಲ್ಲಿದೆ. ಅದರ ಗುಣವೇ ಅದರ ದೋಷ. ದೋಣಿಗಳು ಒತ್ತಾಗಿ ನಿಲ್ಲುವ, ನೀರು ಹೆಚ್ಚು ಚಲಿಸದ ಬಂದರುಗಳಲ್ಲಿ ತಾಮ್ರವು ಕೆಸರಿನಲ್ಲಿ ಶೇಖರವಾಗಿ, ದೋಣಿಗೆ ಅಂಟದ ಜೀವಿಗಳನ್ನೂ ಬಾಧಿಸುತ್ತದೆ.

ಹಾಗೆಂದು ಒಂದು ವಿಷಕ್ಕೆ ಇನ್ನೊಂದು ವಿಷ ಪರಿಹಾರವಲ್ಲ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತ ಬಹಳ ಪರಿಣಾಮಕಾರಿಯೆಂದು ಹೆಸರಾಯಿತು. ಅದರಿಂದ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಟ್ಟಿತು. ಕಡಲ ಬಸವನಹುಳುಗಳ ಹೆಣ್ಣುಗಳಲ್ಲಿ ಗಂಡಿನ ಅಂಗಗಳು ಬೆಳೆದವು. ಬ್ರಿಟನ್ 1987ರಲ್ಲಿ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಅದನ್ನು ನಿಷೇಧಿಸಿತು. ಅಂತಾರಾಷ್ಟ್ರೀಯ ಒಪ್ಪಂದವು 2008ರಲ್ಲಿ ಜಾರಿಗೆ ಬಂದಿತು.

ಈಗಿನ ಮಾರ್ಗಗಳಲ್ಲಿ ಸಿಲಿಕೋನ್ ಲೇಪನ ಮುಖ್ಯವಾದುದು. ಅದು ಜೀವಿಗಳನ್ನು ಕೊಲ್ಲುವುದಿಲ್ಲ, ಜಾರಿಸುತ್ತದೆ. ದೋಣಿ ವೇಗವಾಗಿ ಚಲಿಸಿದಾಗ ಅಂಟಿದ್ದು ಕಳಚಿಬೀಳುತ್ತದೆ. ಬಹುಕಾಲ ಕಟ್ಟಿಹಾಕಿದ ದೋಣಿಯನ್ನು ಮಾತ್ರ ಆಗಾಗ ಒರೆಸಬೇಕು. ಗಟ್ಟಿಯಾದ ಎಪಾಕ್ಸಿ ಬಳಿದು, ದೋಣಿಯನ್ನು ದಡಕ್ಕೆತ್ತಿ ತೊಳೆಯುವುದು ಇನ್ನೊಂದು ಕ್ರಮ. ಚಿಕ್ಕ ದೋಣಿಯನ್ನು ಬಳಸದಿರುವಾಗ ದಡದಲ್ಲೇ ಇರಿಸಿದರೆ ಲೇಪನದ ಚಿಂತೆಯೇ ಇಲ್ಲ.

ನಮ್ಮ ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ನಗರಗಳ ಕಾಲುವೆಗಳ ವಿಷಯವೇ ಬೇರೆ. ಸಿಹಿನೀರಿನಲ್ಲಿ ಕಡಲಿನ ಚಿಪ್ಪುಜೀವಿಗಳ ಕಾಟವಿಲ್ಲ. ಇಲ್ಲಿಯ ಕಿರಿದಾದ ಉಕ್ಕಿನ ದೋಣಿಗಳ ಶತ್ರು ತುಕ್ಕು. ಎರಡು ಮೂರು ವರ್ಷಗಳಿಗೊಮ್ಮೆ ಬಳಿಯುವ ಬಿಟುಮೆನ್ ಅಥವಾ ಹೆಚ್ಚು ಕಾಲ ಬಾಳುವ ಎಪಾಕ್ಸಿ ಅದಕ್ಕೆ ಸಾಕು. ತಾಮ್ರದ ಬಣ್ಣ ಇಲ್ಲಿ ಬೇಕಿಲ್ಲ.

ಹೀಗಾಗಿ ಯಾವ ಬಣ್ಣ ಉತ್ತಮವೆಂದು ಕೇಳುವ ಮೊದಲು, ದೋಣಿ ಎಂಥ ನೀರಿನಲ್ಲಿರುತ್ತದೆ, ಎಷ್ಟು ಚಲಿಸುತ್ತದೆ ಎಂದು ಕೇಳಬೇಕು. ಕೆರೆದು ತೆಗೆದ ಹಳೆಯ ಬಣ್ಣದ ಪುಡಿಯನ್ನು ನೀರಿಗೆ ಬೀಳಗೊಡಬಾರದು. ಕೆರೆ ಬಾವಿಗಳನ್ನು ಕಲುಷಿತಗೊಳಿಸುವುದು ಪಾಪವೆಂದು ತಿಳಿದು ಬೆಳೆದ ನಮಗೆ ಈ ಎಚ್ಚರಿಕೆ ಹೊಸದಲ್ಲ.