ಚಿಪ್ಪು ಮುಗಿಯಿತು, ಊರು ಉಳಿಯಿತು

ಅಂಗಿಯ ಗುಂಡಿ ಯಾವುದರಿಂದ ಮಾಡುತ್ತಾರೆ ಅಂತ ಕೇಳಿದರೆ ಇಂದು ಎಲ್ಲರೂ ಪ್ಲಾಸ್ಟಿಕ್ ಎನ್ನುತ್ತಾರೆ. ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕೇಳಿದ್ದರೆ ‘ಹೊಳೆಯ ಚಿಪ್ಪಿನಿಂದ’ ಎಂಬ ಉತ್ತರ ಸಿಗುತ್ತಿತ್ತು. ಆ ಗುಂಡಿಗಳ ರಾಜಧಾನಿ ಎನಿಸಿದ್ದ ಊರು ಮಸ್ಕಟೀನ್.

ಮಧ್ಯ-ಪಶ್ಚಿಮ ಅಮೆರಿಕದ ಅಯೋವಾ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಇರುವ ಪೇಟೆ ಇದು. ಜನಸಂಖ್ಯೆ ಸುಮಾರು 24 ಸಾವಿರ. ಸುತ್ತಲೂ ಮೆಕ್ಕೆಜೋಳ, ಸೋಯಾ, ಹಂದಿ ಸಾಕಣೆ. ಈ ಊರು ಮೊದಲು ಮರದಿಂದ ಬದುಕಿತು, ಆಮೇಲೆ ಚಿಪ್ಪಿನಿಂದ. ಎರಡೂ ಮುಗಿದವು. ಆದರೂ ಊರು ಮುಳುಗಲಿಲ್ಲ. ಅದು ಹೇಗೆ ಎಂಬುದು ಕೃಷಿಕರಾದ ನಾವು ಯೋಚಿಸಬೇಕಾದ ವಿಷಯ.

ತೇಲಿ ಬಂದ ಮರ

ಹತ್ತೊಂಬತ್ತನೇ ಶತಮಾನದಲ್ಲಿ ಮೇಲಿನ ಮಿನ್ನೆಸೋಟ, ವಿಸ್ಕಾನ್ಸಿನ್ ಕಾಡುಗಳ ಪೈನ್ ಮರಗಳನ್ನು ಕಡಿದು, ತೆಪ್ಪದಂತೆ ಕಟ್ಟಿ ಹೊಳೆಯಲ್ಲಿ ಬಿಡುತ್ತಿದ್ದರು. ಮಸ್ಕಟೀನಿನ ಮರದ ಮಿಲ್ಲುಗಳು ಅವನ್ನು ಸೀಳಿ ಹಲಗೆ ಮಾಡಿ ಮಾರುತ್ತಿದ್ದವು. ಮಿಲ್ಲಿನ ಯಜಮಾನರು ಕುಳವಾರು ಶ್ರೀಮಂತರಾದರು. ಆದರೆ ಕಡಿದಷ್ಟು ನೆಟ್ಟವರಿರಲಿಲ್ಲ. ಶತಮಾನ ತಿರುಗುವ ಹೊತ್ತಿಗೆ ಮೇಲಿನ ಕಾಡು ಬರಿದಾಯಿತು. ಕೆಳಗಿನ ಮಿಲ್ಲುಗಳು ಒಂದೊಂದಾಗಿ ನಿಂತವು.

ಸುಂಕ ಏರಿತು, ಚಿಪ್ಪಿಗೆ ಬೆಲೆ ಬಂತು

ಜಾನ್ ಬೆಪ್ಲಿ ಎಂಬಾತ ಜರ್ಮನಿಯಲ್ಲಿ ಕೊಂಬು, ಮೂಳೆ, ಚಿಪ್ಪಿನ ಗುಂಡಿ ಮಾಡುತ್ತಿದ್ದ ಕುಶಲಿ. 1887ರಲ್ಲಿ ಅಮೆರಿಕಕ್ಕೆ ಬಂದ. ಮಿಸಿಸಿಪ್ಪಿಯ ತಳದಲ್ಲಿ ಸಿಗುವ ದಪ್ಪ ಕಪ್ಪೆಚಿಪ್ಪು ಅವನ ಕಣ್ಣಿಗೆ ಬಿತ್ತು. ನಮ್ಮ ಕರಾವಳಿಯವರು ಮರುವಾಯಿ ಎನ್ನುತ್ತಾರಲ್ಲ, ಆ ಬಗೆಯದೇ ಜೀವಿ. ಇದು ಸಿಹಿನೀರಿನದ್ದು, ಗಾತ್ರದಲ್ಲಿ ದೊಡ್ಡದು. ಒಳಮೈ ಮುತ್ತಿನಂತೆ ಹೊಳೆಯುತ್ತದೆ.

1890ರಲ್ಲಿ ಅಮೆರಿಕ ಸರಕಾರ ಆಮದು ಗುಂಡಿಗಳ ಮೇಲೆ ಭಾರೀ ಸುಂಕ ಹಾಕಿತು. ಹೊರಗಿನ ಮಾಲು ತುಟ್ಟಿಯಾಯಿತು. ಮರುವರ್ಷ, 1891ರಲ್ಲಿ ಬೆಪ್ಲಿ ಮಸ್ಕಟೀನಿನಲ್ಲಿ ಕಾಲಲ್ಲಿ ತುಳಿದು ನಡೆಸುವ ಯಂತ್ರ ಇಟ್ಟು ಕೆಲಸ ಸುರು ಮಾಡಿದ. ಅವನ ಕೆಲಸ ನೋಡಿ ಇನ್ನೊಬ್ಬ, ಮತ್ತೊಬ್ಬ. ಬೀದಿಬೀದಿಯಲ್ಲಿ ಗುಂಡಿ ಕತ್ತರಿಸುವ ಅಂಗಡಿಗಳೆದ್ದವು. 1904ರ ಹೊತ್ತಿಗೆ ಅದೇ ಊರಿನ ಬ್ಯಾರಿ ಕುಟುಂಬದವರು ತೂತು ಕೊರೆದು ಆಕಾರ ಕೊಡುವ ಕೆಲಸವನ್ನು ಒಂದೇ ಯಂತ್ರಕ್ಕೆ ಒಪ್ಪಿಸಿದರು. 1905ರಲ್ಲಿ ಮಸ್ಕಟೀನ್ ತಯಾರಿಸಿದ್ದು 150 ಕೋಟಿ ಗುಂಡಿ! ಜಗತ್ತಿನ ಗುಂಡಿಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಎಂಬ ಲೆಕ್ಕವಿದೆ.

ಹೊಳೆ ಬಾಚಿದ ಬಗೆ

ಚಿಪ್ಪು ಹಿಡಿಯುವ ಉಪಾಯ ಬಲು ಸರಳ. ಉದ್ದದ ಸಲಾಕೆಗೆ ಹಗ್ಗ ಕಟ್ಟಿ, ಅದರಲ್ಲಿ ನೂರಾರು ತಂತಿಯ ಕೊಕ್ಕೆ ಇಳಿಬಿಟ್ಟು ದೋಣಿಯಿಂದ ತಳಕ್ಕೆ ಎಳೆಯುವುದು. ಬಾಯ್ದೆರೆದು ಕುಳಿತ ಚಿಪ್ಪಿಗೆ ಕೊಕ್ಕೆ ತಾಗಿದರೆ ಅದು ತಟಕ್ಕನೆ ಬಾಯಿ ಮುಚ್ಚಿ ಕೊಕ್ಕೆಯನ್ನೇ ಕಚ್ಚಿಕೊಳ್ಳುತ್ತದೆ. ಮೇಲೆತ್ತಿದರಾಯಿತು.

ದಡದಲ್ಲಿ ಬೇಯಿಸಿ ಮಾಂಸ ತೆಗೆಯುತ್ತಿದ್ದರು. ಅದು ಹಂದಿಗೆ. ಆಗೊಮ್ಮೆ ಈಗೊಮ್ಮೆ ಒಳಗೆ ಮುತ್ತು ಸಿಕ್ಕಿದರೆ ಅದೃಷ್ಟ. ಚಿಪ್ಪು ಟನ್ನಿನ ಲೆಕ್ಕದಲ್ಲಿ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ಕೊಳವೆ ಗರಗಸದಲ್ಲಿ ದುಂಡಗೆ ಕತ್ತರಿಸಿ, ಅರೆದು, ತೂತು ಕೊರೆದು, ಹೊಳಪು ಕೊಡುತ್ತಿದ್ದರು. ರಟ್ಟಿಗೆ ಹೊಲಿಯುವ ಕೆಲಸ ಹೆಂಗಸರು, ಮಕ್ಕಳು ಮನೆಯಲ್ಲೇ ಮಾಡುತ್ತಿದ್ದರು. ತೂತು ಬಿದ್ದು ಉಳಿದ ಚಿಪ್ಪನ್ನು ಪುಡಿ ಮಾಡಿ ಕೋಳಿಗೆ ಹಾಕಿದ್ದೂ ಇದೆ. ತಗ್ಗು ತುಂಬಿಸಿದ್ದೂ ಇದೆ.

ಹೊಳೆ ಯಾರದ್ದೂ ಅಲ್ಲ. ಆದ್ದರಿಂದ ಎಲ್ಲರದ್ದೂ. ನಾನು ಬಿಟ್ಟರೆ ಇನ್ನೊಬ್ಬ ಬಾಚುತ್ತಾನೆ ಎಂಬ ಅವಸರ. ಇಲಿನಾಯ್ ರಾಜ್ಯದ ನ್ಯೂ ಬೋಸ್ಟನ್ ಬಳಿ ಎರಡು ಮೈಲು ಉದ್ದದ ಒಂದೇ ಜಾಗದಿಂದ ಮೂರು ವರ್ಷದಲ್ಲಿ ಸುಮಾರು 10,000 ಟನ್ ಚಿಪ್ಪು ಎತ್ತಿದರು. ಇಷ್ಟು ದಪ್ಪಗೆ ಬೆಳೆಯಲು ಅದಕ್ಕೆ ವರ್ಷಾನುಗಟ್ಟಲೆ ಬೇಕು.

ಗ್ರೋಸಿನ ಲೆಕ್ಕ

ದುಡಿದವರ ಪಾಡೇನು? ಕತ್ತರಿಸುವವರಿಗೆ ಗ್ರೋಸಿನ ಮೇಲೆ ಕೂಲಿ. ಗ್ರೋಸ್ ಎಂದರೆ 144. ಆದರೆ ಒಡೆದದ್ದು, ಕೆಟ್ಟದ್ದು ಎಂಬ ನೆಪದಲ್ಲಿ ಒಂದು ಗ್ರೋಸಿಗೆ ಹೆಚ್ಚು ತುಂಡು ಕೇಳುತ್ತಾರೆ ಎಂಬುದು ಅವರ ದೂರು. ಎಣಿಸುವವನು ಮಾಲಿಕನ ಜನ. ಮಂಡಿಯಲ್ಲಿ ‘ಸೂಟು’ ಕಳೆದುಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಲಸಗಾರರು ಸಂಘ ಕಟ್ಟಿದರು. 1911ರಲ್ಲಿ ಮಾಲಿಕರು ಕಾರ್ಖಾನೆಗೆ ಬೀಗ ಹಾಕಿದರು. ಗಲಾಟೆಯಾಯಿತು, ಸರಕಾರದ ಸೈನಿಕರು ಊರಿಗೆ ಬಂದರು. ಜಗಳ 1912ರ ತನಕ ಎಳೆಯಿತು. ಕೊನೆಗೆ ಮೇಲುಗೈ ಮಾಲಿಕರದ್ದೇ.

ಹೊಳೆಯಲ್ಲಿ ಬಿತ್ತನೆ

ಚಿಪ್ಪು ಕಡಿಮೆಯಾಗುತ್ತಿದೆ ಎಂದು ಗೊತ್ತಾದಾಗ ಸರಕಾರ ಸುಮ್ಮನಿರಲಿಲ್ಲ. 1908ರಲ್ಲಿ ಮಂಜೂರಾತಿ ಕೊಟ್ಟು, ಮಸ್ಕಟೀನಿನ ಹತ್ತಿರದ ಫೇರ್‌ಪೋರ್ಟ್‌ನಲ್ಲಿ ಸಂಶೋಧನಾ ಕೇಂದ್ರ ಕಟ್ಟಿಸಿತು. ಕಪ್ಪೆಚಿಪ್ಪಿನ ಮರಿ ಮೀನಿನ ಕಿವಿರಿಗೆ ಅಂಟಿಕೊಂಡು ಕೆಲವು ದಿನ, ವಾರ ಕಳೆದು, ಆಮೇಲೆ ತಳಕ್ಕೆ ಬೀಳುತ್ತದೆ. ಮೀನಿಲ್ಲದಿದ್ದರೆ ಚಿಪ್ಪಿಲ್ಲ. ವಿಜ್ಞಾನಿಗಳು ಮೀನು ಹಿಡಿದು, ಮರಿ ಅಂಟಿಸಿ ಹೊಳೆಗೆ ಬಿಟ್ಟರು.

ಉಪಾಯ ಒಳ್ಳೆಯದೇ. ಆದರೆ ಬಾಚುವ ವೇಗದ ಮುಂದೆ ಬಿತ್ತುವ ವೇಗ ಸೋತಿತು. ಪೇಟೆಗಳ ಕೊಳಚೆ ಹೊಳೆಗೆ ಬಂತು. ಉತ್ತ ಹೊಲಗಳ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗಿ ಚಿಪ್ಪಿನ ಮೇಲೆ ಕೆಸರಾಗಿ ಕೂತಿತು. ಈ ಪಾಲು ಕೃಷಿಕರದ್ದು, ಒಪ್ಪಲೇಬೇಕು. ಹಡಗು ಓಡಾಟಕ್ಕೆಂದು ಕಟ್ಟಿದ ಸಾಲು ಅಣೆಕಟ್ಟುಗಳಿಂದ ಹರಿಯುವ ನೀರು ನಿಧಾನವಾಯಿತು. ಮಸ್ಕಟೀನಿನ ಬಳಿಯದ್ದು 1937ರಲ್ಲಿ ಮುಗಿಯಿತು.

ಬೆಪ್ಲಿಯ ಕತೆಯೂ ದುಃಖದ್ದೇ. ಉದ್ದಿಮೆ ಯಂತ್ರದ ಪಾಲಾದಾಗ ಅವನು ಹಿಂದೆ ಬಿದ್ದ. ಕೊನೆಗಾಲದಲ್ಲಿ ಫೇರ್‌ಪೋರ್ಟ್ ಕೇಂದ್ರಕ್ಕಾಗಿ ದುಡಿಯುತ್ತಿದ್ದಾಗ ಕಾಲಿಗೆ ಚಿಪ್ಪು ತಾಗಿ ಗಾಯ ಕೀವಾಯಿತು. 1912ರಲ್ಲಿ ಅದರಿಂದಲೇ ತೀರಿಕೊಂಡ.

ಎರಡನೇ ಮಹಾಯುದ್ಧದ ಬಳಿಕ ಪ್ಲಾಸ್ಟಿಕ್ ಗುಂಡಿ ಬಂತು. ಅಗ್ಗ, ಬಟ್ಟೆ ಒಗೆಯುವ ಯಂತ್ರದ ಬಿಸಿನೀರು, ಸೋಪಿಗೆ ಹೊಳಪು ಕಳೆದುಕೊಳ್ಳುವುದಿಲ್ಲ. 1960ರ ದಶಕದ ಕೊನೆಗೆ ಚಿಪ್ಪಿನ ಗುಂಡಿಯ ಕಾಲ ಮುಗಿಯಿತು. ಕೆಲವು ಕಾರ್ಖಾನೆಗಳು ಪ್ಲಾಸ್ಟಿಕ್ಕಿಗೇ ತಿರುಗಿದವು. ಸಿಕ್ಕ ಚಿಪ್ಪು ಜಪಾನಿಗೆ ಹೋಯಿತು, ಸಾಕಣೆ ಮುತ್ತಿನ ಒಳಗೆ ಇಡುವ ಮಣಿಗಾಗಿ. ಹಿಗ್ಗಿನ್ಸ್ ಐ ಎಂಬ ಜಾತಿಯ ಚಿಪ್ಪು 1976ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು.

ಊರನ್ನು ಉಳಿಸಿದ್ದು

ಗುಂಡಿಯ ಗದ್ದಲದ ನಡುವೆಯೇ 1893ರಲ್ಲಿ ಹೈಂಜ್ ಕಂಪೆನಿ ಇಲ್ಲಿ ಕಾರ್ಖಾನೆ ತೆರೆದಿತ್ತು. ಸುತ್ತಲಿನ ರೈತರ ತರಕಾರಿ, ಟೊಮೆಟೊ ಅದಕ್ಕೆ ಬೇಕಿತ್ತು. ನೂರು ವರ್ಷ ದಾಟಿಯೂ ಅದು ನಡೆಯಿತು. ಊರಿನ ತೆಂಕಣ ಮರಳು ಮಣ್ಣಿನ ಕಲ್ಲಂಗಡಿ, ಕರಬೂಜಕ್ಕೂ ಹೆಸರಾಯಿತು. 1943ರಲ್ಲಿ ಮೆಕ್ಕೆಜೋಳದಿಂದ ಮದ್ಯಸಾರ ತೆಗೆಯುವ ಕಾರ್ಖಾನೆ ಬಂತು. ಮುಂದೆ ಪಿಷ್ಟ ಮತ್ತಿತರ ವಸ್ತುಗಳನ್ನೂ ಮಾಡಿತು. ಬೆಳೆಗೆ ಸಂಬಂಧವಿಲ್ಲದ್ದೂ ಬಂದವು: 1944ರಲ್ಲಿ ಹುಟ್ಟಿ ಕಚೇರಿ ಪೀಠೋಪಕರಣಕ್ಕೆ ಹೆಸರಾದ ಹಾನ್, 1957ರಲ್ಲಿ ಹಳೆಯ ಟಯರಿಗೆ ಹೊಸ ಪಟ್ಟಿ ಹಾಕುವ ಬ್ಯಾಂಡ್ಯಾಗ್. 1985ರಲ್ಲಿ ಚೀನಾದ ಒಂದು ಜಿಲ್ಲೆಯ ಕೃಷಿ ತಂಡ ಇಲ್ಲಿಗೆ ಬಂತು. ಮುಂದೆ ಆ ದೇಶದ ಅಧ್ಯಕ್ಷರಾದ ಷಿ ಜಿನ್‌ಪಿಂಗ್ ಆ ತಂಡದಲ್ಲಿದ್ದರು. ಅವರು ಬಂದದ್ದು ಕೃಷಿ ನೋಡಲು, ಗುಂಡಿ ನೋಡಲು ಅಲ್ಲ.

ಮರ, ಚಿಪ್ಪು ಎರಡನ್ನೂ ಪ್ರಕೃತಿ ಕೂಡಿಟ್ಟಿತ್ತು. ಜನ ಖರ್ಚು ಮಾಡಿದರು. ಟೊಮೆಟೊ, ಮೆಕ್ಕೆಜೋಳ ಹಾಗಲ್ಲ, ವರ್ಷವರ್ಷ ಬಿತ್ತಿದವರು ಇದ್ದರು. ಸುಂಕದ ಗೋಡೆ ಉದ್ದಿಮೆಯನ್ನು ಹುಟ್ಟಿಸಿತು ನಿಜ, ಆದರೆ ಹೊಳೆಯ ತಳಕ್ಕೆ ಒಂದು ಚಿಪ್ಪನ್ನೂ ಅದು ಮರಳಿಸಲಿಲ್ಲ.

ನಮ್ಮ ಊರಿಗೂ ನಾಳೆ ಯಾರಾದರೂ ಕಾರ್ಖಾನೆಯ ಯೋಜನೆ ಹಿಡಿದು ಬರಬಹುದು. ಆಗ ಮೂರು ಪ್ರಶ್ನೆ ಕೇಳೋಣ. ಹತ್ತು ವರ್ಷದ ಮೇಲೂ ಕಚ್ಚಾ ಮಾಲು ಎಲ್ಲಿಂದ ಬರುತ್ತದೆ? ತೂಕ, ಎಣಿಕೆ ಯಾರ ಕೈಯಲ್ಲಿ? ಇದೇ ವಸ್ತುವನ್ನು ಅಗ್ಗದಲ್ಲಿ ಬೇರೆಯದರಿಂದ ಮಾಡಿದರೆ ನಮ್ಮ ಗತಿ ಏನು? ಮೂರಕ್ಕೂ ಸರಿಯಾದ ಉತ್ತರ ಸಿಕ್ಕಿದರೆ ಮಾತ್ರ ಜಾಗ ತೋರಿಸಿದರೆ ಸಾಕು.